ಅಯಾನುಗಳ ತೂಬು ಮತ್ತು ಶ್ವಾಸಕೋಶದ ರಕ್ತದೊತ್ತಡ

ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ವೈದ್ಯರು ಅಳೆಯುವ ರಕ್ತದೊತ್ತಡ ಈಗ ಎಲ್ಲರಿಗೂ ಪರಿಚಿತವಾದ ವಿಷಯ. ನೂರಿಪ್ಪತ್ತು, ಎಂಬತ್ತು ಎಂಬ ಅಂಕಿಗಳನ್ನು ಹಳ್ಳಿಯ ವೃದ್ಧರೂ ಬಾಯಿಪಾಠವಾಗಿ ಹೇಳುವುದುಂಟು. ಆದರೆ ನಮ್ಮ ದೇಹದಲ್ಲಿ ಇನ್ನೊಂದು ರಕ್ತದೊತ್ತಡವೂ ಇದೆ. ತೋಳಿನ ಪಟ್ಟಿಗೆ ಅದು ಸಿಕ್ಕುವುದಿಲ್ಲ. ಹೃದಯದ ಬಲಭಾಗದಿಂದ ಶ್ವಾಸಕೋಶಗಳಿಗೆ ಹರಿಯುವ ರಕ್ತದ ಒತ್ತಡವೇ ಅದು. ತೋಳಿನ ರಕ್ತದೊತ್ತಡ ಸರಿಯಾಗಿರುವ ಮನುಷ್ಯನಲ್ಲಿಯೂ ಈ ಇನ್ನೊಂದು ಒತ್ತಡ ಅಪಾಯಕರವಾಗಿ ಏರಿರಬಹುದು. ಅದನ್ನು ಏರಿಸುವ ಕಾರಣಗಳಲ್ಲಿ ಒಂದು, ಜೀವಕೋಶಗಳ ಪೊರೆಯಲ್ಲಿರುವ ಅತಿ ಸೂಕ್ಷ್ಮವಾದ ರಂಧ್ರಗಳಿಗೆ ಸಂಬಂಧಿಸಿದ್ದು. ಅದನ್ನು ಈ ಲೇಖನದಲ್ಲಿ ಭೌತವಿಜ್ಞಾನದ ದೃಷ್ಟಿಯಿಂದ ವಿವರಿಸಲು ಯತ್ನಿಸುತ್ತೇವೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ ಇದು ದೂರದ ವಿಷಯವಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಮೊದಲು ಕೆಲವು ಅಂಕಿಗಳು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯದ ಎಡಭಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಇಡೀ ದೇಹಕ್ಕೆ ತಳ್ಳುತ್ತದೆ. ಬಲಭಾಗವೂ ಅಷ್ಟೇ ರಕ್ತವನ್ನು ಶ್ವಾಸಕೋಶಗಳಿಗೆ ತಳ್ಳುತ್ತದೆ. ಎರಡೂ ಸಮವಾಗಿರಲೇಬೇಕು, ಇಲ್ಲವಾದರೆ ರಕ್ತವೆಲ್ಲ ಒಂದೇ ಕಡೆ ನಿಂತುಹೋದೀತು. ಹರಿವು ಸಮವಾದರೂ ಒತ್ತಡ ಸಮವಲ್ಲ. ದೇಹದ ಧಮನಿಗಳಲ್ಲಿ ಸರಾಸರಿ ಒತ್ತಡ 90 ಮಿಲಿಮೀಟರ್ ಪಾದರಸದಷ್ಟಿದ್ದರೆ, ಶ್ವಾಸಕೋಶದ ಧಮನಿಯಲ್ಲಿ ಅದು ಕೇವಲ 14. ವಿದ್ಯುನ್ಮಂಡಲದ ಪಾಠ ಓದಿದವರಿಗೆ ಇದರ ಅರ್ಥ ಕೂಡಲೆ ಹೊಳೆಯಬೇಕು. ಪ್ರವಾಹ ಒಂದೇ ಆಗಿದ್ದು ವಿಭವಾಂತರ ಕಡಿಮೆಯಾಗಿದ್ದರೆ ರೋಧವೇ ಕಡಿಮೆ ಎಂದಾಯಿತು. ಶ್ವಾಸಕೋಶದ ರಕ್ತನಾಳಗಳು ಅಗಲವಾದ, ಮೆತ್ತನೆಯ, ಎಡೆಗೊಡುವ ನಾಳಗಳು. ಆದಕಾರಣ ಬಲ ಹೃತ್ಕುಕ್ಷಿಯ ಗೋಡೆಯೂ ತೆಳುವು. ಎಡಭಾಗದ ಗೋಡೆಯ ದಪ್ಪದಲ್ಲಿ ಅದು ಮೂರನೆಯ ಒಂದು ಪಾಲಿನಷ್ಟು. ಹೆಚ್ಚು ಒತ್ತಡದ ವಿರುದ್ಧ ದುಡಿಯುವುದಕ್ಕೆ ಅದು ಹುಟ್ಟಿದ್ದೇ ಅಲ್ಲ.

ಶ್ವಾಸಕೋಶದ ಧಮನಿಯ ಸರಾಸರಿ ಒತ್ತಡ 25 ಅನ್ನು ಮುಟ್ಟಿದರೆ ವ್ಯಾಧಿ ಎಂದು 1973ರಿಂದ ಎಣಿಸುತ್ತಿದ್ದರು. 2018ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಸೇರಿದ ತಜ್ಞರು ಈ ಮೇರೆಯನ್ನು 20ಕ್ಕೆ ಇಳಿಸಿದರು. ದೇಹದ ರಕ್ತದೊತ್ತಡಕ್ಕೆ ಹೋಲಿಸಿದರೆ ಇವೆಲ್ಲ ಅಲ್ಪವಾದ ಅಂಕಿಗಳೇ. ಆದರೆ ತೆಳ್ಳನೆಯ ಗೋಡೆಯ ಬಲ ಹೃದಯಕ್ಕೆ ಇದು ಬೆಟ್ಟದ ಹೊರೆ. ಅದು ಮೊದಲು ದಪ್ಪವಾಗುತ್ತದೆ, ಬಳಿಕ ಹಿಗ್ಗುತ್ತದೆ, ಕೊನೆಗೆ ಸೋಲುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಿನಲ್ಲಿ ಬಾವು, ಕೆಲವೊಮ್ಮೆ ಮೂರ್ಛೆ—ಇವು ಅದರ ಲಕ್ಷಣಗಳು.

ತ್ರಿಜ್ಯದ ನಾಲ್ಕನೆಯ ಘಾತ

ನಾಳದ ರೋಧ ಏತರಿಂದ ನಿರ್ಣಯವಾಗುತ್ತದೆ? 1840ರ ದಶಕದಲ್ಲಿ ಪ್ಯಾರಿಸಿನ ವೈದ್ಯ ಪ್ವಾಸೆಯ್ ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಇದನ್ನು ಅಳೆದನು. ಅವನಿಗೆ ಬೇಕಾಗಿದ್ದುದು ರಕ್ತದ ಹರಿವಿನ ನಿಯಮ. ದೊರೆತದ್ದು ಎಲ್ಲ ದ್ರವಗಳ ನಿಯಮ. ಕೊಳವೆಯ ಉದ್ದ ಮತ್ತು ದ್ರವದ ಸ್ನಿಗ್ಧತೆಗೆ ರೋಧವು ಅನುಲೋಮವಾಗಿರುತ್ತದೆ. ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಈ ನಾಲ್ಕನೆಯ ಘಾತದಲ್ಲಿಯೇ ಎಲ್ಲ ಅಪಾಯವೂ ಅಡಗಿದೆ. ತ್ರಿಜ್ಯ ಅರ್ಧಕ್ಕೆ ಇಳಿದರೆ ರೋಧ ಎರಡರಷ್ಟಲ್ಲ, ಹದಿನಾರರಷ್ಟು! ತ್ರಿಜ್ಯದಲ್ಲಿ ನೂರಕ್ಕೆ 16 ಭಾಗ ಕುಗ್ಗಿದರೆ ಸಾಕು, ರೋಧ ಇಮ್ಮಡಿಯಾಗುತ್ತದೆ. (0.84ನ್ನು ನಾಲ್ಕು ಸಲ ಗುಣಿಸಿ ನೋಡಿ.) ರಕ್ತ ಬರಿಯ ನೀರಲ್ಲ, ರಕ್ತನಾಳ ಗಾಜಿನ ಕೊಳವೆಯಲ್ಲ, ಆದುದರಿಂದ ನಿಯಮ ಅಕ್ಷರಶಃ ಅನ್ವಯಿಸದು. ಆದರೂ ಅದು ತೋರಿಸುವ ದಿಕ್ಕು ಸರಿಯಾದದ್ದೇ.

ಹಾಗಾದರೆ ನಾಳವನ್ನು ಕುಗ್ಗಿಸುವವರು ಯಾರು? ಸಣ್ಣ ಧಮನಿಗಳ ಗೋಡೆಯಲ್ಲಿ ನಾಳವನ್ನು ಬಳೆಯಂತೆ ಸುತ್ತಿಕೊಂಡಿರುವ ನಯವಾದ ಸ್ನಾಯುಕೋಶಗಳಿವೆ. ಅವು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿದರೆ ಹಿರಿದಾಗುತ್ತದೆ. ಬಿಗಿಯಬೇಕೆಂಬ ಆಜ್ಞೆಯನ್ನು ಕೊಡುವುದು ಕ್ಯಾಲ್ಸಿಯಂ ಅಯಾನು. ಕೋಶದ ಹೊರಗೆ ಕ್ಯಾಲ್ಸಿಯಂ ಸಾಂದ್ರತೆ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಪೊರೆಯಲ್ಲಿ ಎಲ್ಲಿಯಾದರೂ ದಾರಿ ತೆರೆದರೆ ಅದು ಒಳಕ್ಕೆ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಪೊಟ್ಯಾಸಿಯಂ ಇದಕ್ಕೆ ವಿರುದ್ಧ: ಒಳಗೆ ಹೆಚ್ಚು, ಹೊರಗೆ ಕಡಿಮೆ.

ಈ ದಾರಿಗಳಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರಿಗೆ ನೇರವಾದ ಕನ್ನಡ ಮಾತು ಅಯಾನು ನಾಲೆ. ನಮಗಾದರೋ ತೂಬು ಎಂಬ ಮಾತೇ ಹೆಚ್ಚು ಒಪ್ಪುತ್ತದೆ. ನಾಲೆ ಸದಾ ತೆರೆದೇ ಇರುತ್ತದೆ; ತೂಬಿಗೆ ಮುಚ್ಚಳವುಂಟು, ಅದನ್ನು ಎತ್ತಿ ಇಳಿಸುವ ನೀರುಗಂಟಿಯೂ ಉಂಟು. ಪೊರೆಯ ಈ ರಂಧ್ರಗಳೂ ಹಾಗೆಯೇ. ಒಂದೊಂದೂ ಒಂದು ಪ್ರೋಟೀನು. ಕೆಲವಕ್ಕೆ ವಿದ್ಯುದ್ವಿಭವವೇ ನೀರುಗಂಟಿ, ಕೆಲವಕ್ಕೆ ಕ್ಯಾಲ್ಸಿಯಂ, ಕೆಲವಕ್ಕೆ ಪೊರೆಯ ಮೇಲೆ ಬೀಳುವ ಎಳೆತ. ತೆರೆದಿರುವ ಒಂದು ತೂಬಿನಲ್ಲಿ ಹರಿಯುವ ವಿದ್ಯುತ್ತು ಒಂದು ಆಂಪೇರಿನ ಲಕ್ಷಕೋಟಿಯ ಒಂದು ಪಾಲಿನಷ್ಟು ಮಾತ್ರ. ಆದರೆ ಅಯಾನುಗಳ ಲೆಕ್ಕದಲ್ಲಿ ಅದು ಸೆಕೆಂಡಿಗೆ 60 ಲಕ್ಷಕ್ಕೂ ಮೀರುತ್ತದೆ. ಇಷ್ಟು ಅಲ್ಪ ಪ್ರವಾಹವನ್ನು ಒಂದೊಂದೇ ತೂಬಿನಿಂದ ಅಳೆಯುವ ಉಪಾಯವನ್ನು ಜರ್ಮನಿಯ ನೇಯರ್ ಮತ್ತು ಸಾಕ್‌ಮನ್ 1976ರಲ್ಲಿ ಪ್ರಕಟಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಪೊಟ್ಯಾಸಿಯಂ ತೂಬಿನ ಒಂದು ಸ್ವಾರಸ್ಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಸೋಡಿಯಂ ಅಯಾನು ಪೊಟ್ಯಾಸಿಯಂ ಅಯಾನಿಗಿಂತ ಚಿಕ್ಕದು. ದೊಡ್ಡದನ್ನು ಬಿಡುವ ರಂಧ್ರ ಚಿಕ್ಕದನ್ನು ತಡೆಯುವುದೆಂತು? ಜರಡಿಗೆ ಇದು ಅಸಾಧ್ಯ. 1998ರಲ್ಲಿ ಅಮೆರಿಕದ ಮ್ಯಾಕಿನ್ನನ್, ಮಣ್ಣಿನ ಒಂದು ಬ್ಯಾಕ್ಟೀರಿಯದ ಪೊಟ್ಯಾಸಿಯಂ ತೂಬಿನ ರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿ ಉತ್ತರ ಕೊಟ್ಟನು. ನೀರಿನಲ್ಲಿ ಪ್ರತಿ ಅಯಾನೂ ನೀರಿನ ಅಣುಗಳ ಉಡುಪು ತೊಟ್ಟಿರುತ್ತದೆ. ತೂಬಿನ ಕಿರಿದಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ. ಅವುಗಳ ನಡುವಣ ಅಂತರ ಪೊಟ್ಯಾಸಿಯಂ ಅಯಾನಿಗೆ ನೀರಿನ ಉಡುಪಿನಷ್ಟೇ ಸರಿಹೊಂದುತ್ತದೆ. ಅದು ಉಡುಪು ಕಳಚಿ ನುಸುಳಬಲ್ಲುದು. ಚಿಕ್ಕದಾದ ಸೋಡಿಯಂಗೆ ಆ ಹಿಡಿತ ಸಡಿಲು. ಉಡುಪು ಕಳಚುವ ವೆಚ್ಚ ಅದಕ್ಕೆ ಹಿಂದಿರುಗಿ ಬಾರದು, ಆದುದರಿಂದ ಹೊರಗೆ ಉಳಿಯುತ್ತದೆ. 2003ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧಭಾಗ ಈ ಕೆಲಸಕ್ಕೆ ಸಂದಿತು.

ಈಗ ವಿದ್ಯುತ್ತಿನ ಲೆಕ್ಕ. ಪೊಟ್ಯಾಸಿಯಂ ಅಯಾನುಗಳಿಗೆ ದಾರಿ ತೆರೆದಿದ್ದರೆ ಅವು ಒಳಗಿನಿಂದ ಹೊರಕ್ಕೆ ಸೋರುತ್ತವೆ. ಧನ ವಿದ್ಯುದಂಶ ಹೊರಟುಹೋದಂತೆ ಒಳಭಾಗ ಋಣವಾಗುತ್ತದೆ. ಆ ಋಣವೇ ಉಳಿದ ಅಯಾನುಗಳನ್ನು ಹಿಂದಕ್ಕೆ ಸೆಳೆಯುತ್ತದೆ. ಎರಡು ಸೆಳೆತಗಳೂ ಸಮತೂಗುವ ವಿಭವವನ್ನು ನೆರ್ನ್‌ಸ್ಟನ ಸೂತ್ರ ಕೊಡುತ್ತದೆ. ದೇಹದ ಉಷ್ಣತೆಯಲ್ಲಿ ಅದು 61.5 ಮಿಲಿವೋಲ್ಟನ್ನು ಸಾಂದ್ರತೆಗಳ ನಿಷ್ಪತ್ತಿಯ ಲಾಗರಿತಮಿನಿಂದ ಗುಣಿಸಿದಷ್ಟು. ಒಳಗೆ 140, ಹೊರಗೆ 4.5 ಎಂದಿಟ್ಟುಕೊಂಡರೆ ನಿಷ್ಪತ್ತಿ 31. ಉತ್ತರ ಸುಮಾರು 92 ಮಿಲಿವೋಲ್ಟ್, ಒಳಗೆ ಋಣ. ಬೇರೆ ಅಯಾನುಗಳ ಸೋರಿಕೆಯೂ ಇರುವುದರಿಂದ ಶ್ವಾಸಕೋಶದ ಧಮನಿಯ ಸ್ನಾಯುಕೋಶದಲ್ಲಿ ವಾಸ್ತವವಾಗಿ ಕಾಣುವುದು ಋಣ 50 ರಿಂದ 60 ಮಿಲಿವೋಲ್ಟ್. ಇದು ಅಲ್ಪವೆಂದು ತೋರಬಹುದು. ಆದರೆ ಪೊರೆಯ ದಪ್ಪ 5 ನ್ಯಾನೊಮೀಟರ್ ಮಾತ್ರ. ಭಾಗಿಸಿ ನೋಡಿದರೆ ವಿದ್ಯುತ್ ಕ್ಷೇತ್ರ ಮೀಟರಿಗೆ ಒಂದು ಕೋಟಿ ವೋಲ್ಟ್! ಮೀಟರಿಗೆ ಮೂವತ್ತು ಲಕ್ಷ ವೋಲ್ಟಾದರೆ ಒಣ ಗಾಳಿಯಲ್ಲಿ ಕಿಡಿ ಹಾರುತ್ತದೆ. ಇಂಥ ಕ್ಷೇತ್ರದಲ್ಲಿ ನಿಂತ ಪ್ರೋಟೀನಿನ ಅಣು ವಿಭವದ ಸಣ್ಣ ಏರಿಳಿತಕ್ಕೂ ತನ್ನ ಆಕಾರವನ್ನು ಬದಲಿಸುವುದರಲ್ಲಿ ಆಶ್ಚರ್ಯವೇನು?

ಇದರಿಂದ ಬರುವ ತೀರ್ಮಾನ ಮುಖ್ಯವಾದದ್ದು. ಪೊಟ್ಯಾಸಿಯಂ ತೂಬುಗಳು ತೆರೆದಿರುವವರೆಗೆ ಒಳಭಾಗ ಋಣವಾಗಿರುತ್ತದೆ, ಋಣವಾಗಿರುವವರೆಗೆ ಕ್ಯಾಲ್ಸಿಯಂ ತೂಬುಗಳು ಬಹುಮಟ್ಟಿಗೆ ಮುಚ್ಚಿರುತ್ತವೆ, ಸ್ನಾಯು ಸಡಿಲವಾಗಿರುತ್ತದೆ. ಪೊಟ್ಯಾಸಿಯಂ ತೂಬುಗಳು ಮುಚ್ಚಿದರೆ ಋಣ ವಿಭವ ಇಳಿಯುತ್ತದೆ, ಕ್ಯಾಲ್ಸಿಯಂ ತೂಬುಗಳು ತೆರೆಯುತ್ತವೆ, ನಾಳ ಬಿಗಿಯುತ್ತದೆ.

ಪ್ರಕೃತಿ ಇದನ್ನು ಒಂದು ಒಳ್ಳೆಯ ಕಾರ್ಯಕ್ಕಾಗಿಯೇ ಉಪಯೋಗಿಸುತ್ತದೆ. ಗಾಳಿ ಸರಿಯಾಗಿ ಆಡದ ಶ್ವಾಸಕೋಶದ ಭಾಗಕ್ಕೆ ರಕ್ತ ಕಳುಹಿಸಿ ಪ್ರಯೋಜನವಿಲ್ಲ. ಆಮ್ಲಜನಕ ಕಡಿಮೆಯಾದ ಕಡೆ ನಾಳಗಳು ತಾವಾಗಿ ಬಿಗಿದು ರಕ್ತವನ್ನು ಬೇರೆಡೆಗೆ ತಿರುಗಿಸುತ್ತವೆ. ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ದೇಹದ ಇತರ ನಾಳಗಳು ಆಮ್ಲಜನಕ ಕಡಿಮೆಯಾದಾಗ ಹಿಗ್ಗುತ್ತವೆ. ಶ್ವಾಸಕೋಶದ ನಾಳಗಳು ಮಾತ್ರ ಕುಗ್ಗುತ್ತವೆ. ಪೊಟ್ಯಾಸಿಯಂ ತೂಬುಗಳು ಮುಚ್ಚುವುದು ಇದರ ಮುಖ್ಯ ಹೆಜ್ಜೆಗಳಲ್ಲಿ ಒಂದೆಂದು ಮುಂದೆ ತಿಳಿಯಿತು. ಶ್ವಾಸಕೋಶದ ಒಂದು ಮೂಲೆಯಲ್ಲಿ ನಡೆದರೆ ಇದು ಉಪಕಾರ. ಎತ್ತರವಾದ ಪರ್ವತಗಳ ಮೇಲೆ ಆಗುವಂತೆ ಇಡೀ ಶ್ವಾಸಕೋಶದಲ್ಲಿ ನಡೆದರೆ ಅಪಕಾರ. 2013ರಲ್ಲಿ ಅಮೆರಿಕದ ಸಂಶೋಧಕರು, ಬೇರಾವ ಕಾರಣವೂ ಕಾಣದೆ ಈ ವ್ಯಾಧಿ ವಂಶದಲ್ಲಿ ಇಳಿದುಬಂದಿದ್ದ ಒಂದು ಕುಟುಂಬದಲ್ಲಿ ಪೊಟ್ಯಾಸಿಯಂ ತೂಬೊಂದರ ವಂಶವಾಹಿಯೇ ಕೆಟ್ಟಿರುವುದನ್ನು ಕಂಡರು. ತೂಬು ಕೆಟ್ಟರೆ ಒತ್ತಡ ಏರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಇಂಥ ಕುಟುಂಬಗಳು ಬಲು ವಿರಳ. ಪ್ರಪಂಚದಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಶ್ವಾಸಕೋಶದ ಅಧಿಕ ಒತ್ತಡಕ್ಕೆ ಒಯ್ಯುವ ಇನ್ನೊಂದು ದಾರಿಯುಂಟು. ಆ ದಾರಿ ಕೆಂಪು ರಕ್ತಕಣದಿಂದ ಹೊರಡುತ್ತದೆ, ಮತ್ತು ನಮ್ಮ ಜಿಲ್ಲೆಯ ಮೂಲಕ ಹಾದುಹೋಗುತ್ತದೆ.

ಕುಡುಗೋಲಿನಂಥ ಕಣ

ಹೆಗ್ಗಡದೇವನಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನಲ್ಲಿ ಜೇನು ಕುರುಬರ, ಬೆಟ್ಟ ಕುರುಬರ, ಯರವರ ಹಾಡಿಗಳಿವೆ. ನಾಗರಹೊಳೆಯ ಕಾಡಿನಿಂದ ಕಬಿನಿಯನ್ನು ದಾಟಿ ವಯನಾಡು, ನೀಲಗಿರಿಗಳವರೆಗೆ ಹಬ್ಬಿರುವ ಈ ಅರಣ್ಯಸೀಮೆ ಬಹುಕಾಲ ಮಲೇರಿಯಾಕ್ಕೆ ಹೆಸರಾಗಿತ್ತು. ಇಲ್ಲಿನ ಆದಿವಾಸಿ ಜನರಲ್ಲಿ ಕೆಲವರಿಗೆ ಕುಡುಗೋಲು ಕಣ ರೋಗವುಂಟು; ಆಸ್ಪತ್ರೆಗಳಲ್ಲಿ ಇದನ್ನು ಸಿಕಲ್ ಸೆಲ್ ಎನ್ನುತ್ತಾರೆ. ಭಾರತದಲ್ಲಿ ಈ ರೋಗದ ಲಕ್ಷಣವನ್ನು ಮೊದಲು ಗುರುತಿಸಿದ್ದೂ ನೆರೆಯ ನೀಲಗಿರಿಯಲ್ಲಿಯೇ: 1952ರಲ್ಲಿ ಲೇಮನ್ ಮತ್ತು ಕಟ್‌ಬುಶ್ ಅಲ್ಲಿನ ಗಿರಿಜನರ ರಕ್ತವನ್ನು ಪರೀಕ್ಷಿಸಿದಾಗ. ಮಲೇರಿಯಾಕ್ಕೂ ಇದಕ್ಕೂ ನಂಟಿದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ವಂಶವಾಹಿಯನ್ನು ಪಡೆದವರು ಆರೋಗ್ಯವಂತರಾಗಿಯೇ ಇರುತ್ತಾರೆ. ಕಠಿಣ ಮಲೇರಿಯಾದಿಂದ ಅವರಿಗೆ ರಕ್ಷಣೆಯೂ ದೊರೆಯುತ್ತದೆ ಎಂದು ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕದಿಂದ ವರದಿ ಮಾಡಿದನು. ಇಬ್ಬರಿಂದಲೂ ಪಡೆದವರಿಗೆ ಮಾತ್ರ ರೋಗ.

ರೋಗದ ಮೂಲ ಎಷ್ಟು ಸಣ್ಣದು ನೋಡಿ. ಹೀಮೊಗ್ಲೋಬಿನ್ ಅಣುವಿನ ಬೀಟಾ ಸರಪಳಿಯಲ್ಲಿ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಇದೆ; ಅಷ್ಟೆ. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶವಿದೆ, ವ್ಯಾಲೀನಿಗೆ ಇಲ್ಲ. ಈ ಕಾರಣದಿಂದ ವಿದ್ಯುತ್ ಕ್ಷೇತ್ರದಲ್ಲಿಟ್ಟಾಗ ಎರಡು ಹೀಮೊಗ್ಲೋಬಿನ್‌ಗಳು ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ. ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ಇದನ್ನೇ ಕಂಡು, ಇದು ಅಣುವಿನ ರೋಗವೆಂದು ಸಾರಿದರು. ಇಂಗ್ರಾಮ್ 1956ರ ಹೊತ್ತಿಗೆ ವ್ಯತ್ಯಾಸದ ಜಾಗವನ್ನು ಹುಡುಕಲಾರಂಭಿಸಿ, ಮರುವರ್ಷ ಅದು ಯಾವ ಅಮೈನೋ ಆಮ್ಲವೆಂದು ತೋರಿಸಿದನು. ಇಂದಿಗೂ ರಕ್ತಪರೀಕ್ಷೆಯಲ್ಲಿ ಈ ವಿದ್ಯುತ್ ವಿಧಾನ ಬಳಕೆಯಲ್ಲಿದೆ.

ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ಹೀಮೊಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗುತ್ತವೆ. ನಾರು ಬೆಳೆದ ಕಣ ಗಡುಸಾಗಿ ಕುಡುಗೋಲಿನಂತೆ ಬಾಗುತ್ತದೆ. ಸೂಕ್ಷ್ಮ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಕಡೆ ಅಸಹ್ಯವಾದ ನೋವು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರೋಗಿಯ ಕಣಗಳೆಲ್ಲವೂ ಪ್ರತಿ ಸುತ್ತಿನಲ್ಲಿಯೂ ಆಮ್ಲಜನಕ ಬಿಟ್ಟುಕೊಡಲೇಬೇಕಲ್ಲ? ಹಾಗಿದ್ದರೆ ಎಲ್ಲ ಕಣಗಳೂ ಒಮ್ಮೆಗೇ ಬಾಗಿ ರಕ್ತಸಂಚಾರವೇ ನಿಲ್ಲಬೇಕಾಗಿತ್ತು. ಏಕೆ ನಿಲ್ಲುವುದಿಲ್ಲ? ಉತ್ತರ ಕಾಲದಲ್ಲಿದೆ. ನಾರು ಹುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಸೂಕ್ಷ್ಮನಾಳವನ್ನು ಕಣ ಒಂದೆರಡು ಸೆಕೆಂಡುಗಳಲ್ಲಿ ದಾಟುತ್ತದೆ. ನಾರು ಹುಟ್ಟುವ ಮುನ್ನ ದಾಟಿದರೆ ಕಣ ಶ್ವಾಸಕೋಶಕ್ಕೆ ಮರಳಿ ಆಮ್ಲಜನಕ ಪಡೆದು ಪಾರಾಯಿತು. ತಡವಾದರೆ ಸಿಕ್ಕಿಬಿದ್ದಿತು. ಪ್ರತಿ ಸುತ್ತಿನಲ್ಲಿಯೂ ಒಂದು ಓಟದ ಪಂದ್ಯ ನಡೆಯುತ್ತದೆ ಎನ್ನಬಹುದು.

ಈ ವಿಳಂಬಕಾಲವನ್ನು 1974ರಲ್ಲಿ ಹಾಫ್‌ರಿಕ್ಟರ್, ರಾಸ್ ಮತ್ತು ಈಟನ್ ಅಳೆದರು. ಫಲಿತಾಂಶ ಭೌತವಿಜ್ಞಾನಿಗಳನ್ನೂ ಬೆರಗುಗೊಳಿಸುವಂಥದು. ವಿಳಂಬವು ಹೀಮೊಗ್ಲೋಬಿನ್ನಿನ ಸಾಂದ್ರತೆಯ ಮೂವತ್ತನೆಯ ಘಾತದಷ್ಟಕ್ಕೆ ವಿಲೋಮವಾಗಿತ್ತು! ಮುಂದಿನ ಅಳತೆಗಳನ್ನೂ ಸೇರಿಸಿಕೊಂಡರೆ ಸನ್ನಿವೇಶಕ್ಕನುಸಾರವಾಗಿ ಹದಿನೈದರಿಂದ ಮೂವತ್ತು ಎನ್ನಬಹುದು. ಪ್ವಾಸೆಯನ ನಾಲ್ಕನೆಯ ಘಾತವೇ ಭಯಂಕರವೆಂದು ಮೇಲೆ ಹೇಳಿದೆವಷ್ಟೆ. ಇಲ್ಲಿ ಲೆಕ್ಕ ಹಾಕಿ: ಸಾಂದ್ರತೆ ನೂರಕ್ಕೆ ಹತ್ತರಷ್ಟು ಏರಿದರೆ, ಹದಿನೈದನೆಯ ಘಾತದಲ್ಲಿ ವಿಳಂಬ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, ಮೂವತ್ತನೆಯ ಘಾತದಲ್ಲಿ ಹದಿನೇಳನೆಯ ಒಂದು ಪಾಲಿಗೆ. ಕಣದೊಳಗಿನ ನೀರು ಸ್ವಲ್ಪವೇ ಕಡಿಮೆಯಾದರೂ ಪಂದ್ಯದಲ್ಲಿ ಸೋಲು ಖಂಡಿತ.

ಕಣದ ನೀರನ್ನು ಕದಿಯುವುದು ಯಾವುದು? ಮತ್ತೆ ಒಂದು ಪೊಟ್ಯಾಸಿಯಂ ತೂಬು. ಹಂಗೇರಿಯ ಗಾರ್ದೋಷ್ ಎಂಬವನು 1958ರಲ್ಲಿ, ಕೆಂಪು ಕಣದೊಳಕ್ಕೆ ಕ್ಯಾಲ್ಸಿಯಂ ಹೊಕ್ಕರೆ ಪೊಟ್ಯಾಸಿಯಂ ಹೊರಗೆ ಸುರಿದುಹೋಗುವುದೆಂದು ತೋರಿಸಿದನು. ಆ ದಾರಿಗೆ ಈಗ ಅವನ ಹೆಸರೇ ನಿಂತಿದೆ. ಆರೋಗ್ಯವಂತ ಕಣದಲ್ಲಿ ಕ್ಯಾಲ್ಸಿಯಂ ಅತ್ಯಲ್ಪವಾದುದರಿಂದ ಗಾರ್ದೋಷ್ ತೂಬು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಕುಡುಗೋಲು ಕಣದಲ್ಲಿ ಹಾಗಲ್ಲ. ನಾರುಗಳು ಪೊರೆಯನ್ನು ಒಳಗಿನಿಂದ ಒತ್ತಿ ಎಳೆದಾಗ ಪೊರೆ ಸೋರಿ ಕ್ಯಾಲ್ಸಿಯಂ ಒಳಬರುತ್ತದೆ. ಎಳೆತಕ್ಕೆ ತೆರೆದುಕೊಳ್ಳುವ ಪಿಯೆಜೊ ಎಂಬ ತೂಬುಗಳು ಈ ಸೋರಿಕೆಯಲ್ಲಿ ಪಾಲುಗೊಳ್ಳುತ್ತವೆಂದು ಹಲವರ ಅಭಿಪ್ರಾಯ; ಅವನ್ನು 2010ರಲ್ಲಿ ಬೆಳಕಿಗೆ ತಂದ ಪಟಪೂಟಿಯನ್ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. ಒಳಬಂದ ಕ್ಯಾಲ್ಸಿಯಂ ಗಾರ್ದೋಷ್ ತೂಬಿನ ಮುಚ್ಚಳವನ್ನು ಎತ್ತುತ್ತದೆ. ಪೊಟ್ಯಾಸಿಯಂ ಹೊರಡುತ್ತದೆ, ವಿದ್ಯುತ್ ಸಮತೋಲಕ್ಕಾಗಿ ಕ್ಲೋರೈಡ್ ಅದರ ಬೆನ್ನು ಹತ್ತುತ್ತದೆ, ಲವಣ ಹೋದ ಕಡೆಗೆ ಪರಾಸರಣದಿಂದ ನೀರೂ ಹೋಗುತ್ತದೆ. ಕಣ ಕುಗ್ಗುತ್ತದೆ, ಹೀಮೊಗ್ಲೋಬಿನ್ ದಟ್ಟವಾಗುತ್ತದೆ, ಮುಂದಿನ ಸುತ್ತಿನಲ್ಲಿ ನಾರು ಇನ್ನೂ ಬೇಗ ಹುಟ್ಟುತ್ತದೆ, ಪೊರೆ ಇನ್ನೂ ಹೆಚ್ಚು ಸೋರುತ್ತದೆ. ಒಮ್ಮೆ ಈ ಚಕ್ರಕ್ಕೆ ಸಿಕ್ಕಿದ ಕಣ ಹಿಂದಿರುಗುವುದು ಅಪರೂಪ. ಸಾಧಾರಣವಾಗಿ 120 ದಿನ ಬಾಳುವ ಕೆಂಪು ಕಣ ಈ ರೋಗಿಗಳಲ್ಲಿ ಬಾಳುವುದು ಹತ್ತಿಪ್ಪತ್ತು ದಿನ.

ಒಡೆದ ಕಣದಿಂದ ಶ್ವಾಸಕೋಶಕ್ಕೆ

ಅಕಾಲದಲ್ಲಿ ಒಡೆದ ಕಣ ತನ್ನ ಹೀಮೊಗ್ಲೋಬಿನ್ನನ್ನು ರಕ್ತದ್ರವಕ್ಕೆ ಚೆಲ್ಲುತ್ತದೆ. ಕಣದ ಚೀಲದೊಳಗಿದ್ದಾಗ ಉಪಕಾರಿಯಾಗಿದ್ದ ಹೀಮೊಗ್ಲೋಬಿನ್ ಹೊರಬಿದ್ದ ಮೇಲೆ ಕಳ್ಳನಾಗುತ್ತದೆ. ಅದು ಕದಿಯುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು. ರಕ್ತನಾಳದ ಒಳಪದರ ಈ ಅನಿಲವನ್ನು ಸದಾ ತಯಾರಿಸಿ ಪಕ್ಕದ ಸ್ನಾಯುಕೋಶಗಳಿಗೆ ಕಳುಹಿಸುತ್ತಿರುತ್ತದೆ. ನಾಳವನ್ನು ಸಡಿಲವಾಗಿಡುವ ಸಂದೇಶವೇ ಅದು. (ಈ ಅನಿಲದ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮ್ಯುರಾಡ್ ಇವರಿಗೆ 1998ರ ನೊಬೆಲ್.) ಸಂದೇಶ ಸ್ನಾಯುಕೋಶವನ್ನು ಸೇರಿದಾಗ ಆಗುವ ಕಾರ್ಯಗಳಲ್ಲಿ ಒಂದು, ಅಲ್ಲಿನ ಪೊಟ್ಯಾಸಿಯಂ ತೂಬುಗಳು ತೆರೆಯುವುದು. ಓದುಗರಿಗೆ ಈಗ ಎರಡು ಕಥೆಗಳೂ ಕೂಡಿಕೊಂಡವೆಂದು ತೋರಿರಬೇಕು. ಸಂದೇಶವೇ ಬಾರದಿದ್ದರೆ ತೂಬುಗಳು ತೆರೆಯವು, ಋಣ ವಿಭವ ಇಳಿಯುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ನಾಳ ಬಿಗಿಯುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಗೋಡೆಯೂ ದಪ್ಪವಾಗುತ್ತದೆ. ರಕ್ತಕಣದಲ್ಲಿ ಮುಚ್ಚಿರಬೇಕಾದ ಪೊಟ್ಯಾಸಿಯಂ ತೂಬು ತೆರೆದುಕೊಂಡಿತು. ಅದರ ಫಲವಾಗಿ ಧಮನಿಯಲ್ಲಿ ತೆರೆದಿರಬೇಕಾದ ಪೊಟ್ಯಾಸಿಯಂ ತೂಬು ಮುಚ್ಚಿಕೊಂಡಿತು.

ಇದೊಂದೇ ಕಾರಣವೆಂದು ತಿಳಿಯಬಾರದು. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶದ ನಾಳಗಳಲ್ಲಿ ಸೇರುವುದು, ರಕ್ತಹೀನತೆಯಿಂದ ಹೃದಯ ಹೆಚ್ಚು ದುಡಿಯುವುದು, ಎಡ ಹೃದಯದ ದೌರ್ಬಲ್ಯ ಇವೂ ಸೇರುತ್ತವೆ. ಒಬ್ಬೊಬ್ಬ ರೋಗಿಯಲ್ಲಿ ಒಂದೊಂದರ ಪಾಲು ಹೆಚ್ಚು.

ಒತ್ತಡವನ್ನು ಅಳೆಯುವ ಬಗೆ ಪದವಿಪೂರ್ವ ತರಗತಿಯ ಬರ್ನೂಲಿ ಸೂತ್ರಕ್ಕೆ ಸೇರಿದ್ದು. ಬಲ ಹೃತ್ಕುಕ್ಷಿ ಸಂಕುಚಿಸಿದಾಗ ಅದರ ಕವಾಟದ ಸಂದಿನಿಂದ ಅನೇಕರಲ್ಲಿ ಸ್ವಲ್ಪ ರಕ್ತ ಹಿಂದಕ್ಕೆ ಚಿಮ್ಮುತ್ತದೆ. ಆ ಚಿಲುಮೆಯ ವೇಗವನ್ನು ಶ್ರವಣಾತೀತ ಶಬ್ದತರಂಗಗಳಿಂದ, ಡಾಪ್ಲರ್ ಪರಿಣಾಮದ ಮೂಲಕ ಅಳೆಯಬಹುದು. ವೇಗ ತಿಳಿದರೆ ಒತ್ತಡದ ಅಂತರ ತಿಳಿಯಿತು: ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರಾಯಿತು. ರಕ್ತದ ಸಾಂದ್ರತೆಯನ್ನು ಘನಮೀಟರಿಗೆ 1060 ಕಿಲೋಗ್ರಾಂ ಎಂದಿಟ್ಟುಕೊಂಡು ಪಾಸ್ಕಲ್‌ಗಳನ್ನು ಪಾದರಸದ ಮಿಲಿಮೀಟರಿಗೆ ತಿರುಗಿಸಿ ನೋಡಿ. ವೇಗದ ವರ್ಗದ ನಾಲ್ಕರಷ್ಟು ಎಂಬ ಅಚ್ಚುಕಟ್ಟಾದ ಉತ್ತರ ಬರುತ್ತದೆ. ಸೆಕೆಂಡಿಗೆ 2.5 ಮೀಟರ್ ಆದರೆ 25. ಮೂರು ಮೀಟರ್ ಆದರೆ 36. ಇದಕ್ಕೆ ಹೃತ್ಕರ್ಣದ ಒತ್ತಡವನ್ನು ಕೂಡಿಸಿದರೆ ಹೃತ್ಕುಕ್ಷಿಯ ಗರಿಷ್ಠ ಒತ್ತಡ ದೊರೆಯುತ್ತದೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕುಡುಗೋಲು ಕಣ ರೋಗದ ವಯಸ್ಕರ ಪೈಕಿ ಸುಮಾರು ಮೂರರಲ್ಲಿ ಒಬ್ಬರಿಗೆ ಈ ವೇಗ 2.5 ಮೀಟರನ್ನು ಮುಟ್ಟಿತ್ತು ಅಥವಾ ಮೀರಿತ್ತು. ಅಂಥವರಲ್ಲಿ ಮರಣವೂ ಹೆಚ್ಚಾಗಿತ್ತು. ಆದರೆ ಈ ವೇಗ ಸೂಚನೆ ಮಾತ್ರ. ಹೃದಯದೊಳಕ್ಕೆ ಸಣ್ಣ ನಳಿಗೆಯನ್ನು ಸೇರಿಸಿ ಒತ್ತಡವನ್ನು ನೇರವಾಗಿ ಅಳೆದಾಗ, ಫ್ರಾನ್ಸ್ ಮತ್ತು ಬ್ರೆಜಿಲ್ ದೇಶಗಳ ಅಧ್ಯಯನಗಳಲ್ಲಿ ವ್ಯಾಧಿ ದೃಢಪಟ್ಟದ್ದು ನೂರಕ್ಕೆ ಆರರಿಂದ ಹತ್ತು ಮಂದಿಯಲ್ಲಿ.

ಔಷಧಗಳ ವಿಷಯವೇನು? ತೂಬು ತಿಳಿದ ಮೇಲೆ ಅದನ್ನು ಮುಚ್ಚುವ ಯತ್ನವೂ ನಡೆಯಿತು. ಹುಳುಕಡ್ಡಿಗೆ ಹಚ್ಚುವ ಮುಲಾಮಿನಲ್ಲಿರುವ ಕ್ಲೋಟ್ರಿಮಜೋಲ್ ಗಾರ್ದೋಷ್ ತೂಬನ್ನು ಮುಚ್ಚುತ್ತದೆಂದು ಕುಡುಗೋಲು ಕಣಗಳಲ್ಲಿ 1993ರಲ್ಲಿ ಕಂಡುಬಂದಿತು. ಅದರ ಜಾಡಿನಲ್ಲಿ ಸೆನಿಕಪಾಕ್ ಎಂಬ ಹೊಸ ಔಷಧ ತಯಾರಾಯಿತು. 2011ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಕಣಗಳು ಒಡೆಯುವುದು ಕಡಿಮೆಯಾಯಿತು, ಹೀಮೊಗ್ಲೋಬಿನ್ ಏರಿತು. ಆದರೆ ನೋವಿನ ಆಕ್ರಮಣಗಳು ಕಡಿಮೆಯಾಗಲಿಲ್ಲ. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಬಾಳಿದ ಕಣಗಳ ಸಂಖ್ಯೆ ಹೆಚ್ಚಿ ರಕ್ತ ಮಂದವಾದುದೇ ಕಾರಣವಿರಬಹುದೆಂದು ಊಹಿಸಿದ್ದಾರೆ. ಪ್ವಾಸೆಯನ ಸೂತ್ರದಲ್ಲಿ ಸ್ನಿಗ್ಧತೆಗೂ ಸ್ಥಾನವಿರುವುದನ್ನು ಮರೆಯಲಾಗದು. ಸಿಲ್ಡೆನಾಫಿಲ್ ಎಂಬ, ನೈಟ್ರಿಕ್ ಆಕ್ಸೈಡಿನ ಸಂದೇಶವನ್ನು ಬಲಪಡಿಸುವ ಔಷಧ ಇತರ ಕಾರಣಗಳ ಶ್ವಾಸಕೋಶದ ಒತ್ತಡಕ್ಕೆ ಉಪಯುಕ್ತವಾಗಿದೆ. ಈ ರೋಗಿಗಳಲ್ಲಿ ಪರೀಕ್ಷಿಸಿದಾಗ ನೋವು ಹೆಚ್ಚಿ ಆ ಪರೀಕ್ಷೆಯನ್ನೂ ನಿಲ್ಲಿಸಬೇಕಾಯಿತು. ತತ್ತ್ವ ಸರಿಯಾಗಿದ್ದ ಮಾತ್ರಕ್ಕೆ ಮದ್ದು ಫಲಿಸುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಪಾಠ್ಯಪುಸ್ತಕಗಳು ಇಂಥ ಸೋಲುಗಳನ್ನು ಹೇಳುವುದೇ ಇಲ್ಲ.

ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. 1995ರ ಪರೀಕ್ಷೆಯಲ್ಲಿ ಗೆದ್ದ ಹೈಡ್ರಾಕ್ಸಿಯೂರಿಯಾ ಇಂದು ಭಾರತದಲ್ಲಿಯೂ ದೊರೆಯುತ್ತದೆ. ಅದು ಗರ್ಭಸ್ಥ ಶಿಶುವಿನ ಬಗೆಯ ಹೀಮೊಗ್ಲೋಬಿನ್ನನ್ನು ಹೆಚ್ಚಿಸುತ್ತದೆ. ನಾರಿಗೆ ಸೇರದ ಆ ಅಣುಗಳು ನಡುವೆ ಬಂದಷ್ಟೂ ವಿಳಂಬಕಾಲ ಹೆಚ್ಚುತ್ತದೆ, ಕಣ ಪಂದ್ಯ ಗೆಲ್ಲುತ್ತದೆ. ಧಾರಾಳವಾಗಿ ನೀರು ಕುಡಿಯಿರಿ, ಬಿಸಿಲಿನಲ್ಲಿ ಬಳಲಬೇಡಿ ಎಂದು ವೈದ್ಯರು ಈ ರೋಗಿಗಳಿಗೆ ಹೇಳುವುದರ ಹಿಂದೆಯೂ ಕಣದೊಳಗಿನ ನೀರಿನ ಲೆಕ್ಕವೇ ಇದೆ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದೆ. ಕಾರ್ಯಕ್ರಮ ನಲವತ್ತು ವರ್ಷದವರೆಗಿನ ಏಳು ಕೋಟಿ ಜನರ ರಕ್ತಪರೀಕ್ಷೆಯ ಗುರಿಯಿಟ್ಟುಕೊಂಡು, ಪರೀಕ್ಷೆಯಾದವರಿಗೆ ಚೀಟಿ ಕೊಡುತ್ತದೆ. ಚೀಟಿ ಹೇಳುವುದು ಹೀಮೊಗ್ಲೋಬಿನ್ ಎಂಥದೆಂಬುದನ್ನು; ಶ್ವಾಸಕೋಶದ ಒತ್ತಡವನ್ನಲ್ಲ. ರೋಗವಿದೆಯೆಂದು ತಿಳಿದವರಲ್ಲಿ ಏದುಸಿರು ಕಂಡಾಗ ರಕ್ತ ಕಡಿಮೆಯಿದೆ, ಅದಕ್ಕೇ ಆಯಾಸ ಎಂದು ಮನೆಯವರು ಸುಮ್ಮನಾಗುವುದು ಸಹಜ. ಎರಡು ವ್ಯಾಧಿಗಳ ಲಕ್ಷಣವೂ ಒಂದೇ ಆಗಿರುವುದೇ ಇಲ್ಲಿನ ತೊಡಕು. ಮೊದಲು ಹತ್ತುತ್ತಿದ್ದ ಏರನ್ನು ಈಗ ಹತ್ತಲಾಗದಿದ್ದರೆ, ಕಾಲು ಬಾತುಕೊಂಡರೆ, ನಡೆಯುವಾಗ ತಲೆ ತಿರುಗಿ ಬಿದ್ದರೆ, ರಕ್ತದ ಪ್ರಮಾಣವನ್ನಷ್ಟೇ ನೋಡಿ ಸುಮ್ಮನಿರದೆ ಹೃದಯದ ಶ್ರವಣಾತೀತ ಪರೀಕ್ಷೆಯನ್ನೂ ಮಾಡಿಸಬೇಕು. ಆಸ್ಪತ್ರೆಯಲ್ಲಿ ಎಕೊ ಎಂದರೆ ಸಾಕು, ತಿಳಿಯುತ್ತದೆ. ಅದರಲ್ಲಿ ಸೂಜಿ ಇಲ್ಲ, ನೋವಿಲ್ಲ, ವಿಕಿರಣವೂ ಇಲ್ಲ. ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಗಳಲ್ಲಿ ಈ ಪರೀಕ್ಷೆ ದಿನನಿತ್ಯದ್ದು. ರೋಗಿ ತನ್ನ ಚೀಟಿಯನ್ನು ಜೊತೆಗೆ ಒಯ್ದು, ತನಗೆ ಕುಡುಗೋಲು ಕಣ ರೋಗವಿದೆಯೆಂದು ಮೊದಲೇ ಹೇಳಿದರೆ, ಕವಾಟದ ಬಳಿಯ ಆ ಚಿಲುಮೆಯ ವೇಗವನ್ನು ವೈದ್ಯರು ವಿಶೇಷವಾಗಿ ನೋಡುತ್ತಾರೆ.